ಸಾಲಿನ ಮುಂದಿದ್ದ ದರ್ಜಿ

ದರ್ಜಿ ಮಾವ ಸೈಕಲ್ಲು ಹತ್ತಿದರೆಂದರೆ ಬಾಯಿಗೆ ಬೀಗ ಬೀಳುತ್ತಿತ್ತು, ಎಡಗೈ ಮಾತಾಡಲು ತೊಡಗುತ್ತಿತ್ತು. ಬೇರೆ ಸೈಕಲ್ ಸವಾರರ ಗುಂಪುಗಳಲ್ಲಿ ಮುಂದೆ ಹೋಗುವವರು ಗುಂಡಿ, ಕಲ್ಲು, ಗಾಡಿ ಎಂದು ಕೂಗುತ್ತಾರೆ. ಇವರು ಒಂದು ದಿನವೂ ಕೂಗಿದವರಲ್ಲ. ಗುಂಡಿ ಕಂಡರೆ ತೋರುಬೆರಳು ತೊಡೆಯ ಪಕ್ಕದಲ್ಲಿ ನೆಲ ನೋಡುತ್ತಿತ್ತು. ನಿಧಾನಿಸಬೇಕಾದರೆ ಅಂಗೈ ಬಿಚ್ಚಿಕೊಳ್ಳುತ್ತಿತ್ತು. ರಸ್ತೆಯ ಅಂಚಿನಲ್ಲಿ ಏನಾದರೂ ಅಡ್ಡವಿದ್ದು ಎಲ್ಲರೂ ನಡುವಿಗೆ ಸರಿಯಬೇಕಾದರೆ ಅದೇ ಕೈ ಬೆನ್ನ ಹಿಂದೆ ಹೋಗಿ ಸಣ್ಣಗೆ ಅಲುಗುತ್ತಿತ್ತು. ಅವರ ಹಿಂದೆಯೇ ಇರುತ್ತಿದ್ದ ನಾನು ಅದನ್ನು ನನ್ನ ಹಿಂದಿನವರಿಗೆ ದಾಟಿಸುತ್ತಿದ್ದೆ, ಅವರು ತಮ್ಮ ಹಿಂದಿನವರಿಗೆ. ಹೀಗೆ ಒಂದು ಕೈಯ ಮಾತು ಸಾಲಿನ ಬಾಲದವರೆಗೂ ಹೋಗಿ ತಲುಪುತ್ತಿತ್ತು.

ಅವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಿತ. ಆ ಬೆನ್ನ ಮೇಲೊಂದು ಕಂದು ಉಣ್ಣೆಯ ಕೋಟು. ಬಾಗಿದಾಗ ಮೇಲೇರದಂತೆ ಹಿಂಭಾಗವನ್ನು ತುಸು ಉದ್ದ ಬಿಟ್ಟು, ಸೊಂಟದ ಹತ್ತಿರ ಮೂರು ಜೇಬಿಟ್ಟು ತಾವೇ ಹೊಲಿದುಕೊಂಡದ್ದು. ಸೈಕಲ್ಲಿನಿಂದ ಇಳಿದು ನಡೆದರೆ ಮುಂಗಾಲಿನ ಮೇಲೆಯೇ ಭಾರ ಹಾಕಿ, ನೆಲವೂ ಒಂದು ಹೊಲಿಗೆ ಯಂತ್ರವೇನೋ ಎಂಬಂತೆ ಒತ್ತಿ ಒತ್ತಿ ನಡೆಯುತ್ತಿದ್ದರು. ಸೈಕಲ್ ಅಂಗಡಿಯವನಿಗೆ ಅದೊಂದು ತಮಾಷೆ.

“ನಿಮ್ಮ ಅಂಗಡೀಲೂ ತುಳೀತೀರಿ, ಇಲ್ಲೂ ತುಳೀತೀರಿ. ಬೇಜಾರಾಗಲ್ವಾ ಮಾವ?”

“ಅಲ್ಲಿ ತುಳಿದ್ರೆ ಬಟ್ಟೆ ಮುಂದೆ ಹೋಗುತ್ತೆ, ಇಲ್ಲಿ ನಾನು ಹೋಗ್ತೀನಿ. ನಿನ್ನ ಥರ ಕೂತಲ್ಲೇ ಕೂತು ಬೇರೆಯವರ ಚಕ್ರ ತಿರುಗಿಸ್ತಾ ಇರೋದು ನನ್ ಕೈಲಾಗಲ್ಲ.”

ಪ್ರತಿ ಬುಧವಾರ ಸಂಜೆ ಅವನ ಅಂಗಡಿಯ ಮುಂದೆ ಸೇರಿ, ಇಟ್ಟಿಗೆ ಗೂಡು ದಾಟಿ, ಸೇತುವೆಯ ಆಚೆಯ ನೀರಿನ ಟ್ಯಾಂಕಿಯವರೆಗೆ ಹೋಗಿ ಬರುವುದು ನಮ್ಮ ಪದ್ಧತಿ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಬಿಡುವು. ಆ ಬಿಡುವಿನಲ್ಲಿ ಒಮ್ಮೆ ಪರದೆ ಹೊಲಿಸಲು ಅವರ ಅಂಗಡಿಗೆ ಹೋದಾಗ, ಅತ್ತೆ ಕಿಟಕಿಯ ಬಳಿ ಕೂತು ಒಂದಾದ ಮೇಲೊಂದು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡುತ್ತಿದ್ದರು.

“ಕಣ್ಣು ಮಂಜಾಯ್ತಾ ಮಾವ?” ಎಂದೆ.

“ಕಣ್ಣಲ್ಲಮ್ಮ, ದಾರ. ಈಗಿನ ದಾರಕ್ಕೆ ಬೆನ್ನೆಲುಬೇ ಇಲ್ಲ.”

ನಾನು ನಕ್ಕೆ. ಅತ್ತೆ ನಗಲಿಲ್ಲ.

ಬೋಳು ಕೊಂಬೆಗಳಲ್ಲಿ ಚಿಗುರಿನ ಕೆಂಪು ಕಂಡು, ಸಂಜೆಯ ಬೆಳಕು ತುಸು ಹೆಚ್ಚು ಹೊತ್ತು ನಿಲ್ಲತೊಡಗಿದಾಗ ಆ ವರ್ಷದ ಮೊದಲ ಸವಾರಿ ಹೊರಟಿತು. ಸೇತುವೆಗೆ ಮೊದಲಿನ ತಿರುವಿನಲ್ಲಿ ರಸ್ತೆ ಒಂದು ಕಲ್ಲೂ ಇಲ್ಲದೆ ಕನ್ನಡಿಯ ಹಾಗಿತ್ತು. ಅಲ್ಲಿ ಮಾವನ ಎಡಗೈ ಬೆನ್ನ ಹಿಂದೆ ಬಂತು, ಅಲುಗಿತು. ಅಂಚಿನಲ್ಲಿ ಏನೋ ಇದೆಯೆಂದು ನಾನು ನಡುವಿಗೆ ಸರಿದು ಸನ್ನೆಯನ್ನು ಹಿಂದಕ್ಕೆ ದಾಟಿಸಿದೆ. ಸಾಲಿಗೆ ಸಾಲೇ ಸರಿಯಿತು. ತಿರುವಿನಿಂದ ಹಾಲಿನ ಟ್ಯಾಂಕರು ಎದುರಾಯಿತು. ಚಾಲಕ ಬ್ರೇಕ್ ಒತ್ತಿದ, ನಾವು ದಿಕ್ಕಾಪಾಲಾದೆವು. ಕೊನೆಯಲ್ಲಿದ್ದ ಬ್ಯಾಂಕಿನ ಹುಡುಗಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು.

ಮಾವ ಒಬ್ಬರೇ ಅಂಚು ಬಿಡದೆ ನೆಟ್ಟಗೆ ಹೋಗಿದ್ದರು. ಸದ್ದು ಕೇಳಿ ತಿರುಗಿ ಬಂದವರು ಕೇಳಿದರು: “ಎಲ್ಲರೂ ಯಾಕೆ ನಡುರಸ್ತೆಗೆ ಹೋದ್ರಿ?”

“ನೀವೇ ಕೈ ಮಾಡಿದ್ರಲ್ಲ,” ಎಂದೆ.

“ನಾನಾ? ನಾನು ಕೈ ಮಾಡ್ಲೇ ಇಲ್ವಲ್ಲ.”

ಹಾಗೆನ್ನುವಾಗಲೂ ಆ ಕೈ ಕೋಟಿನ ಅಂಚಿನಲ್ಲಿ ಅದೇ ರೀತಿ ಅಲುಗುತ್ತಿತ್ತು. ನಾವೆಲ್ಲ ಅದನ್ನು ನೋಡಿದೆವು. ನಾವು ನೋಡುತ್ತಿರುವುದನ್ನು ಕಂಡು ಅವರೂ ನೋಡಿದರು. ರಸ್ತೆಗೆ ಓಡುವ ಮಗುವನ್ನು ಹಿಡಿಯುವಂತೆ ಬಲಗೈಯಿಂದ ಅದನ್ನು ಹಿಡಿದುಕೊಂಡರು. ಹ್ಯಾಂಡಲ್ಲಿನ ಮೇಲೆ ನಿಲ್ಲದ ಕೈಯನ್ನು ಮರೆಮಾಡಲೆಂದೇ ಅವರು ಬೆನ್ನ ಹಿಂದೆ ಇಟ್ಟುಕೊಂಡಿದ್ದರೆಂಬುದು ಆಗ ತಿಳಿಯಿತು.

ಮರುದಿನ ಮಾವನ ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದರು. “ಚಳಿಗಾಲ ಪೂರ್ತಿ ಹೀಗೇ. ಡಾಕ್ಟರ ಹತ್ರ ಬನ್ನಿ ಅಂದ್ರೆ, ಅವರು ಅದಕ್ಕೊಂದು ಹೆಸರಿಡ್ತಾರೆ, ಹೆಸರಿಟ್ಮೇಲೆ ಅದು ಮನೆ ಬಿಟ್ಟು ಹೋಗಲ್ಲ ಅಂತಾರೆ. ಇಷ್ಟು ವರ್ಷ ಆ ಕೈ ನನ್ನ ಮಾತು ಕೇಳ್ತಿರಲಿಲ್ಲ. ಈಗ ಅವರ ಮಾತೂ ಕೇಳಲ್ಲ ನೋಡಿ.” ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ.

ಮುಂದಿನ ಬುಧವಾರ ಮಾವ ಬಂದರು. ಆದರೆ ಸೈಕಲ್ಲನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಬ್ಯಾಂಕಿನ ಹುಡುಗಿ ಕೈಗೆ ಜೋಳಿಗೆ ಕಟ್ಟಿಕೊಂಡು ನಡೆದೇ ಬಂದಿದ್ದಳು.

“ಮಾವ, ಮುಂದೆ ನೀವೇ ಇರಬೇಕು. ಕೈ ಬೇಡ, ಬಾಯಲ್ಲಿ ಹೇಳಿ.”

“ಈ ಕೈ ಸುಳ್ಳು ಹೇಳೋದು ಕಲಿತುಬಿಟ್ಟಿದೆ ಮಗಳೇ. ಹಿಂದೆ ಬರೋರು ನಂಬೋ ಜನ. ಇದನ್ನ ಅವರ ಮುಂದೆ ಕರ್ಕೊಂಡು ಹೋಗಬಾರದು.”

ಸೈಕಲ್ ಅಂಗಡಿಯವನು ಏನೋ ತಮಾಷೆ ಹೇಳಲು ಬಾಯಿ ತೆರೆದು, ಸುಮ್ಮನೆ ಬಗ್ಗಿ ಅವರ ಚಕ್ರದ ಗಾಳಿ ನೋಡಿದ.

ಕೊನೆಯ ಜಾಗವೂ ಅವರಿಗೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಸಂಜೆ ಸೇತುವೆಯ ಏರಿನಲ್ಲಿ ಹ್ಯಾಂಡಲ್ಲು ಹಿಡಿತಕ್ಕೆ ಸಿಗದೆ ಇಳಿದುಬಿಟ್ಟರು. ಯಾರನ್ನೂ ಹಿಂದೆ ಬಿಡಬಾರದೆಂಬುದು ಅವರೇ ಹಾಕಿಕೊಟ್ಟ ನಿಯಮ. ನಾವೆಲ್ಲ ಇಳಿದು ಕಾದೆವು. ತಮಗಾಗಿ ನಿಂತಿದ್ದ ಸಾಲನ್ನು ಅವರು ಒಮ್ಮೆ ತಲೆಯಿಂದ ಬಾಲದವರೆಗೆ ನೋಡಿದರು. “ಕತ್ತಲಾಗುತ್ತೆ, ನಡೀರಿ,” ಎಂದಷ್ಟೇ ಹೇಳಿದರು. ಆಮೇಲೆ ಬರಲಿಲ್ಲ. ಈಗ ಅಂಗಡಿಯಲ್ಲಿ ಕತ್ತರಿ ಅತ್ತೆಯ ಕೈಯಲ್ಲಿದೆ, ಮಾವ ಸ್ಟೂಲಿನ ಮೇಲೆ ಕೂತು, “ಇನ್ನೊಂದು ಬೆರಳು ಒಳಗೆ ತಗೋ... ಅಲ್ಲಿ ನಿಲ್ಲು,” ಎನ್ನುತ್ತಿರುತ್ತಾರೆ. “ಗೊತ್ತು, ಸುಮ್ನಿರಿ,” ಎನ್ನುತ್ತಲೇ ಅತ್ತೆ ಅಲ್ಲಿಯೇ ನಿಲ್ಲಿಸುತ್ತಾರೆ.

ಸಾಲಿನ ಮುಂದಿನ ಜಾಗ ನನಗೆ ಬಂತು. ನಾನು ಮುಂದಾದ ಮೊದಲ ಸಂಜೆಯೇ ಸೇತುವೆಯ ಮೇಲೆ ಎದುರುಗಾಳಿ ಎದೆಗೆ ಬಡಿದು ಉಸಿರು ಕಟ್ಟಿಸಿತು. ಇಷ್ಟು ವರ್ಷ ಓಡಾಡಿದ ದಾರಿಯಲ್ಲಿ ಅಷ್ಟು ಗಾಳಿಯಿದೆಯೆಂದು ನನಗೆ ತಿಳಿದೇ ಇರಲಿಲ್ಲ. ಕೆಲವರು ಹೀಗೆಯೇ ಬದುಕುತ್ತಾರೆ: ತಾವು ಮುಂದೆ ಹೋಗುವುದು ದೊಡ್ಡಸ್ತಿಕೆಗೆಂದು ಜನ ತಿಳಿದರೂ ತಿದ್ದುವುದಿಲ್ಲ, ಬೀಸಿದ್ದನ್ನೆಲ್ಲ ತಮ್ಮ ಮೈಮೇಲೆ ತೆಗೆದುಕೊಂಡು ನಡೆಯುತ್ತಾರೆ, ಅವರ ಹಿಂದೆ ಬಂದವರು ಇವತ್ತು ಹವೆ ಚೆನ್ನಾಗಿತ್ತು ಎಂದುಕೊಂಡು ಮನೆ ಸೇರುತ್ತಾರೆ.