ಒಬ್ಬ ಮೇಸ್ತ್ರಿ ಸಾಕು

"ಮೇಸ್ತ್ರೀ, ಬಾರೋ ಇಲ್ಲಿ" ಎಂದು ಅಪ್ಪ ಕಿರಿಯ ಅಳಿಯನನ್ನು ಕರೆದದ್ದು ಕೇಳಿದಾಗ ಹಿರಿಮಗಳು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೈ ಅಲ್ಲೇ ನಿಂತಿತು.

ಮೇಸ್ತ್ರಿ ಎಂಬುದು ಅವಳ ಹೆಸರು. ಎರಡು ಜಡೆಯ ಕಾಲದಲ್ಲಿ ಅಪ್ಪನ ಜೊತೆ ಮನೆಯ ಹಳೇ ಕಾರಿನಡಿ ಮಲಗಿ, ಬೇಕಾದ ಸ್ಪ್ಯಾನರನ್ನು ಕೇಳುವ ಮೊದಲೇ ಕೊಟ್ಟು ಸಂಪಾದಿಸಿದ ಹೆಸರು. ತಂಗಿಯ ಗಂಡನನ್ನು ಅಪ್ಪ ಮೊನ್ನೆ ಮೊನ್ನೆಯವರೆಗೂ "ಅಳಿಯಂದ್ರೇ, ಬನ್ನಿ" ಎನ್ನುತ್ತಿದ್ದ. ಈಗ ಬಹುವಚನವೂ ಹೋಯಿತು, ಅವಳ ಹೆಸರೂ ಹೋಯಿತು.

ಅಪ್ಪನ ಮಂಡಿ ಕೈಕೊಟ್ಟಂದಿನಿಂದ ಕಾರು ಶೆಡ್ಡಿನಲ್ಲೇ ಕೊಳೆಯುತ್ತಿತ್ತು. ಅಳಿಯ ಹಟ ಹಿಡಿದು ಟ್ಯಾಂಕ್ ತೊಳೆದ, ಕಾರ್ಬುರೇಟರ್ ಬಿಚ್ಚಿ ಕೂಡಿಸಿದ, ಕಚ್ಚಿಕೊಂಡಿದ್ದ ಪಿಸ್ಟನ್ನುಗಳಿಗೆ ಎಣ್ಣೆ ಬಿಟ್ಟು ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದ. ಚೆನ್ನಾಗಿಯೇ ಮಾಡಿದ, ಅದೇ ಅವಳ ಹೊಟ್ಟೆಯ ಕೆಂಡ. ಆದರೆ ಕೀ ತಿರುಗಿಸಿದಾಗಲೆಲ್ಲ ಎಂಜಿನ್ ಢಬ್ಬೆಂದು ಸೀನಿ ಸುಮ್ಮನಾಗುತ್ತಿತ್ತು.

ಯಾಕೆಂದು ಅವಳಿಗೆ ಗೊತ್ತಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಹುಡುಗಿಯಾಗಿದ್ದಾಗ ಅವಳೇ ಅರ್ಧ ಸುತ್ತು ತಪ್ಪಿಸಿ ಕೂರಿಸಿದ್ದಳು. ಅಪ್ಪ ನಕ್ಕು, ಅದನ್ನು ಬಿಚ್ಚದೆ, ತಂತಿಗಳನ್ನೇ ಅದಲು ಬದಲು ಮಾಡಿ ಎಂಜಿನ್ ಓಡಿಸಿದ್ದ. "ಇರ್ಲಿ ಬಿಡು, ಇದು ನಮ್ಮ ಮೇಸ್ತ್ರಿ ಲೆಕ್ಕ." ಅಳಿಯ ಮೊದಲ ದಿನವೇ ಆ ತಂತಿಗಳನ್ನು ಪುಸ್ತಕದಲ್ಲಿದ್ದಂತೆ ಸರಿಪಡಿಸಿದ್ದ. ಅವಳು ನೋಡಿಯೂ ತುಟಿ ಬಿಚ್ಚಿರಲಿಲ್ಲ. ಅಪ್ಪನಿಗೋ ಅದು ಮರೆತೇ ಹೋಗಿತ್ತು. ಅದು ಇನ್ನೊಂದು ಉರಿ.

ಇವತ್ತೂ ಎಂಜಿನ್ ಸೀನಿತು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಅಪ್ಪ ಕೋಲನ್ನು ನೆಲಕ್ಕೆ ಕುಟ್ಟಿದ.

"ಸಾಕು ಕಣೋ. ಗುಜರಿಯವನಿಗೆ ಹೇಳ್ಬಿಡು, ನಾಳೆನೇ ಬಂದು ಎತ್ಕೊಂಡು ಹೋಗ್ಲಿ."

ಅವಳು ಬಟ್ಟೆಯನ್ನು ಬಕೆಟ್ಟಿಗೆಸೆದು ಬಂದಳು. ಒದ್ದೆ ಕೈ ಒರೆಸಿಕೊಂಡು, ಬಾನೆಟ್ಟಿನೊಳಗೆ ಬಗ್ಗಿ ತಂತಿಗಳನ್ನು ಕಿತ್ತು ಎದುರು ಬದುರು ಸಿಕ್ಕಿಸಿದಳು.

"ಅತ್ತಿಗೆ, ಉಲ್ಟಾ ಆಯ್ತು ಅದು!"

"ಉಲ್ಟಾನೇ ಇದು. ಹೋಗಿ ಕೀ ತಿರುಗ್ಸಿ."

"ಗೊತ್ತಿತ್ತಾ ನಿಮ್ಗೆ? ಹೇಳೋದಲ್ವಾ! ನನ್ನ ಸೊಂಟ ಬಿದ್ದೋಯ್ತು."

"ನೀವು ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ತಿದ್ರಾ?"

ಅವಳು ತಂತಿಗಳನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಅವನು ಹೋಗಿ ಸೀಟಿನಲ್ಲಿ ಕೂತ.

ಎಂಜಿನ್ ಕೆಮ್ಮಿತು, ತಡವರಿಸಿತು, ನೀಲಿ ಹೊಗೆ ಕಾರಿ ಓಡತೊಡಗಿತು. ಅಪ್ಪ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿಸಿಕೊಂಡ.

"ಮೇಸ್ತ್ರೀ, ಸ್ವಲ್ಪ ರೇಸ್ ಕೊಡು."

ಕೊಡೋ ಎನ್ನಲಿಲ್ಲ, ಕೊಡೇ ಎನ್ನಲಿಲ್ಲ. ಅವನ ಕಾಲು ಪೆಡಲನ್ನು ಒತ್ತಿತು, ಅವಳ ಬೆರಳು ಕಾರ್ಬುರೇಟರಿನ ಲಿವರನ್ನು ಎಳೆಯಿತು, ಎರಡೂ ಒಟ್ಟಿಗೇ. ಎಂಜಿನ್ ಅರಚಿಕೊಂಡಿತು.

"ಏಯ್, ಏಯ್! ಒಬ್ಬ ಮೇಸ್ತ್ರಿ ಸಾಕು!" ಎಂದು ಅಪ್ಪ ಕೂಗಿದ.

ಅವಳು ಬೆರಳು ತೆಗೆಯಲಿಲ್ಲ. ಬಾನೆಟ್ಟಿನ ಪಕ್ಕದಿಂದ ಬಗ್ಗಿ ಅಳಿಯನನ್ನೇ ನೋಡುತ್ತಾ, ಪೆಡಲಿನಿಂದ ಅವನ ಕಾಲು ಮೇಲೇಳುವುದನ್ನು ಕಾಯುತ್ತಾ ನಿಂತಳು.