ದೇವರು ಕುಡಿದ ಕಾಫಿ

ಆರತಿಗಾ ಪಾಯಸಕ್ಕಾ ಟೀಚರೇ — ಇಬ್ರಾಹಿಂ ಬ್ಯಾರಿಯವರ ಒಂದು ಕೈ ಒಂದು ಡಬ್ಬಿಯ ಮೇಲೆ, ಇನ್ನೊಂದು ಕೈ ಇನ್ನೊಂದರ ಮೇಲೆ, ಪುತ್ತೂರಿನ ಆ ಇಷ್ಟುದ್ದದ ಅಂಗಡಿಯಲ್ಲಿ ಜೀರಿಗೆ, ಒಣಮೀನು, ಊದುಬತ್ತಿ ಎಲ್ಲ ಸೇರಿ ಒಂದೇ ವಾಸನೆ, ಬೆಳಗಿನ ಎಂಟು ಗಂಟೆ, ಸುಳ್ಯ ದಾಟಿ ಹೋಗುವ ಬಸ್ಸಿಗೆ ಇನ್ನು ಹದಿನೈದು ನಿಮಿಷ, ಶೀಲಾವತಿ ಕರ್ಪೂರ ಕೊಡಿ ಎಂದಷ್ಟೇ ಹೇಳಿದ್ದಳು, ಕರ್ಪೂರದಲ್ಲಿ ಆರತಿ ಎಂತ ಪಾಯಸ ಎಂತ, ಎರಡೂ ಒಂದೇ ಅಲ್ವಾ ಬ್ಯಾರಿಗಳೇ ಎಂದು ನಕ್ಕೂ ಬಿಟ್ಟಳು, ಅವರು ನಗಲಿಲ್ಲ. ಒಂದೇ ಅಲ್ಲ ಮಾರಾಯ್ತಿ, ಇದು ಪಚ್ಚೆ ಕರ್ಪೂರ, ಹೊಟ್ಟೆಗೆ ಹೋಗುದು, ಅದು ಬೆಂಕಿಗೆ ಹೋಗುದು, ಅದಲುಬದಲು ಆದ್ರೆ ಸೀದಾ ಆಸ್ಪತ್ರೆಗೆ ಹೋಗುದು, ಹೋದ ವರ್ಷ ನಮ್ಮ ಆಸ್ಯಮ್ಮನ ಮಗು ಇಲ್ಲೇ ಕೂತುಕೊಂಡು ಆರತಿಯದ್ದನ್ನು ಕಲ್ಲುಸಕ್ಕರೆ ಅಂತ ತಿಂದದ್ದು, ಕಾಲು ಗಂಟೆಯಲ್ಲಿ ಕೈಕಾಲು ಸೆಟೆದು, ಕಣ್ಣು ಮೇಲೆ ಹೋಗಿ, ಬಾಯಿ ಇಡೀ ಕರ್ಪೂರದ ಪರಿಮಳ, ಡಾಕ್ಟ್ರು ನನಗೆ ಬೈದದ್ದು ಕೇಳ್ಬೇಕಿತ್ತು, ವಿಷ ಅಲ್ವಾ ಅದು, ಈಗ ಎಂತ ಇಲ್ಲ, ಚೆಂದ ಓಡ್ತಾ ಉಂಟು, ಒಂದೇ ದಿನದ್ದು, ಮತ್ತೆ ಬರ್ಲಿಲ್ಲ. ಕೈಕಾಲು ಸೆಟೆದು, ಕಣ್ಣು ಮೇಲೆ, ಬಾಯಿ ಇಡೀ — ಅವರು ಇನ್ನೂ ಏನೋ ಹೇಳುತ್ತಿದ್ದರು, ಅವರ ತುಟಿ ಆಡುವುದು ಕಾಣುತ್ತಿತ್ತು, ಎರಡೂ ಕೊಡಿ ಎಂದು ಹೇಳಿದ್ದು ತನ್ನದೇ ಬಾಯಿ ಎಂದು ಅವಳಿಗೆ ತಿಳಿದದ್ದು ಎರಡು ಪೊಟ್ಟಣಗಳು ಕೈಗೆ ಬಂದ ಮೇಲೆ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು, ನಿಂತುಕೊಂಡಿದ್ದರೆ ಕಾಲುನೋವಿನ ಕಡೆಗಾದರೂ ಮನಸ್ಸು ಹೋಗುತ್ತಿತ್ತು. ಬ್ಯಾಗಿನಲ್ಲಿ ತಮ್ಮ ಬರೆದ ಕಾಗದ ಇದೆ, ದೊಡ್ಡ ದೊಡ್ಡ ಅಕ್ಷರ, ನಾಲ್ಕನೇ ಕ್ಲಾಸಿಗೇ ನಿಂತುಹೋದ ಅಕ್ಷರ — ಅಕ್ಕನಿಗೆ ಮೇದಪ್ಪ ಮಾಡುವ ನಮಸ್ಕಾರ, ಅಜ್ಜಿ ಹೇಳಿ ಬರೆಸುವುದು, ಬರುವ ಸೋಮವಾರ ನೀನು ಬರಬೇಕು, ಬರುವಾಗ ಪಚ್ಚೆ ಕರ್ಪೂರ ತರಲು ಮರೆಯಬಾರದು, ಅಜ್ಜಿಗೆ ದೇವರ ಕಾಫಿ ಮಾಡಲಿಕ್ಕುಂಟು, ಹದಿನಾರು ವರ್ಷ ಆಯಿತು, ಸಾಯುವ ಮೊದಲು ಅವನ ಎದುರು ಒಮ್ಮೆ ಕಾಫಿ ಇಟ್ಟು ತಪ್ಪಾಯ್ತು ಎಂದು ಹೇಳಬೇಕಂತೆ. ದೇವರ ಕಾಫಿ! ಲೋಕದಲ್ಲಿ ಇನ್ನು ಯಾರ ಮನೆಯಲ್ಲೂ ಇರಲಿಲ್ಲ ಅದು, ಪೂವಮ್ಮಜ್ಜಿಯ ತಲೆಯಲ್ಲೇ ಹುಟ್ಟಿದ್ದು, ಸೋಮವಾರ ಅವಳಿಗೆ ಒಪ್ಪೊತ್ತು, ಬೆಳಿಗ್ಗೆ ಕಾಫಿ ಬಿಟ್ಟರೆ ಮಧ್ಯಾಹ್ನದವರೆಗೆ ಏನೂ ಇಲ್ಲ, ತಾನೊಬ್ಬಳೇ ಕುಡಿಯುವುದು ಸರಿಯಲ್ಲವೆಂದು ದೇವರಿಗೂ ಒಂದು ಲೋಟ, ಘಟ್ಟದ ಬುಡದಲ್ಲಿ ಹಾವಾಗಿ ಕೂತವ ನಮ್ಮ ಸುಬ್ರಾಯ ದೇವರು, ಅವನಿಗೂ ಚಳಿ ಆಗ್ತದಲ್ಲ, ಹಾವಿಗೆ ಹಾಲೆರೆಯುವವರು ದೇವರಿಗೆ ಕಾಫಿ ಕೊಟ್ಟರೆ ಎಂತ ತಪ್ಪು. ಬಾವಿಯ ಹಿಂದಿನ ನಾಲ್ಕು ಕಾಫಿಗಿಡ, ಬೀಜ ಹುರಿಯುವಾಗ ಹತ್ತು ಕಾಳು ಕೊತ್ತಂಬರಿ, ಬೆಲ್ಲ, ಒಂದು ಏಲಕ್ಕಿ, ಹಾಲು ಇಲ್ಲ, ಕೊನೆಗೆ ಎಳ್ಳಿನಷ್ಟು ಪಚ್ಚೆ ಕರ್ಪೂರವನ್ನು ಬೆರಳ ತುದಿಯಲ್ಲಿ ಪುಡಿಮಾಡಿ ಮೇಲಿನಿಂದ, ಅಡುಗೆಮನೆ ಇಡೀ ದೇವಸ್ಥಾನದ ಒಳಗಿನ ಪರಿಮಳ, ಮೂರು ಹಿತ್ತಾಳೆ ಲೋಟ, ದೊಡ್ಡದು ಅವಳಿಗೆ, ಮಧ್ಯದ್ದು ಮಕ್ಕಳಿಗೆ, ಸಣ್ಣದು ಸುಬ್ರಾಯನಿಗೆ, ಬಿಸಿ ಉಂಟು ಮಾರಾಯ, ಊದಿ ಕುಡಿ ಎಂದು ದೇವರಿಗೆ ಹೇಳಿ ಮಕ್ಕಳ ಕಡೆ ತಿರುಗಿ, ಕಣ್ಣು ಮುಚ್ಚಿ, ಅವನಿಗೆ ನಾಚಿಕೆ, ಯಾರಾದ್ರೂ ನೋಡಿದ್ರೆ ಕುಡಿಯುದಿಲ್ಲ. ಕಣ್ಣು ಮುಚ್ಚುವುದು, ಹತ್ತರವರೆಗೆ ಎಣಿಸುವುದು, ಬಿಟ್ಟು ನೋಡಿದರೆ — ಅಯ್ಯಬ್ಬಾ — ಲೋಟದಲ್ಲಿ ಎರಡು ಬೆರಳು ಕಾಫಿ ಕಡಿಮೆ! ಮೇದ ಚಪ್ಪಾಳೆ ತಟ್ಟುತ್ತಾನೆ, ಉಳಿದದ್ದು ಪ್ರಸಾದ, ಅದು ಅವನಿಗೆ. ಏಳು ವರ್ಷವಾದಾಗ ಶೀಲಾವತಿ ಬೆರಳ ಸಂದಿಯಲ್ಲಿ ನೋಡಿದ್ದಳು, ಕುಡಿದದ್ದು ಅಜ್ಜಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಹಾಗೆ ತಾನೂ ಕಣ್ಣು ಮುಚ್ಚಿ ಎರಡು ಗುಟುಕು, ಸೆರಗಿನಲ್ಲಿ ಬಾಯಿ ಒರೆಸಿ ಏನೂ ಆಗದವಳ ಹಾಗೆ. ಅವಳು ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಳ್ಳುವುದು ಅವಳಿಗೆ ಅಂದಿನಿಂದಲೇ ಅಭ್ಯಾಸವಾಯಿತು.

ಕನಕಮಜಲು ದಾಟಿತು, ಜಾಲ್ಸೂರಿನಲ್ಲಿ ಯಾರೋ ಕೋಳಿ ಹಿಡಿದುಕೊಂಡು ಹತ್ತಿದರು, ಕೋಳಿ ಅವಳನ್ನೇ ನೋಡುತ್ತದೆ, ನೋಡು, ನೋಡು, ನನಗೇನು — ಎಪ್ಪತ್ತನೇ ಇಸವಿ, ಅವಳಿಗೆ ಒಂಬತ್ತು, ಮೇದನಿಗೆ ಐದು, ಆ ಸೋಮವಾರ ಪಚ್ಚೆ ಕರ್ಪೂರ ಮುಗಿದಿತ್ತು, ಈ ಸಲ ಇಲ್ಲದೆ ಆಗಲಿ, ಅವನಿಗೆ ಅಷ್ಟೆಲ್ಲ ಮೂಗಿನ ಕೊಬ್ಬು ಇಲ್ಲ ಎಂದು ಅಜ್ಜಿ ಲೋಟ ಇಟ್ಟದ್ದೂ ಸರಿ, ಹೊರಗೆ ಕರು ಹಗ್ಗ ಬಿಚ್ಚಿಕೊಂಡು ಓಡಿದೆ ಎಂದು ಅವ್ವ ಬೊಬ್ಬೆ ಹಾಕಿದ್ದೂ ಸರಿ, ಕಣ್ಣು ಮುಚ್ಚಿ ಕೂತುಕೊಳ್ಳಿ, ಅವ ಕುಡೀತಾ ಇರ್ತಾನೆ ಎಂದು ಅಜ್ಜಿ ಎದ್ದು ಓಡಿದಳು. ಮೇದ ಮೂಗು ಎಳೆದ. ಅಕ್ಕಾ ಪರಿಮಳವೇ ಇಲ್ಲ, ಇವತ್ತು ದೇವರು ಬರುದಿಲ್ಲ. ಬರ್ತಾನೆ ಸುಮ್ಮನಿರು, ನಾನು ಬರಿಸ್ತೇನೆ — ಎಂಥ ಗತ್ತು ಆ ಒಂಬತ್ತು ವರ್ಷದವಳಿಗೆ, ಅಜ್ಜಿಯ ಜಾಗದಲ್ಲಿ ಅಜ್ಜಿಯ ಹಾಗೆಯೇ ಒಂದು ಮೊಣಕಾಲು ಎತ್ತಿ ಕೂತು, ಆರತಿ ತಟ್ಟೆಗೆ ಕೈ ಹಾಕಿ ಬಿಳಿಯ ಒಂದು ಬಿಲ್ಲೆ ತೆಗೆದು ಸಣ್ಣ ಲೋಟಕ್ಕೆ ಹಾಕಿದಳು. ಅದು ಮುಳುಗಲಿಲ್ಲ. ಕಪ್ಪು ಕಾಫಿಯ ಮೇಲೆ ಬಿಳಿ ಬಿಲ್ಲೆ ತನ್ನಷ್ಟಕ್ಕೇ ಸುತ್ತತೊಡಗಿತು, ಯಾರೂ ಮುಟ್ಟಿಲ್ಲ, ಗಾಳಿ ಇಲ್ಲ, ಸುತ್ತುತ್ತದೆ, ಲೋಟದ ಬದಿಗೆ ಹೋಗಿ ಹಿಂದೆ ಬರುತ್ತದೆ, ಮತ್ತೆ ಸುತ್ತುತ್ತದೆ, ದೇವರು ಕುಣಿಯುದು ಅಕ್ಕಾ, ದೇವರು ಕುಣಿಯುದು ಎಂದು ಮೇದ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ, ಅವಳೂ ನಕ್ಕಳು, ಅಷ್ಟು ನಗು ಆಮೇಲೆ ಆ ಮನೆಯಲ್ಲಿ ಯಾರೂ ನಗಲಿಲ್ಲ. ಚಮಚೆಯಲ್ಲಿ ಜಜ್ಜಿ ಕದಡಿ ತಾನೊಂದು ಗುಟುಕು ನೋಡಿದಳು, ಕಹಿ, ಉಗುಳಿದಳು, ಪ್ರಸಾದ ಉಗುಳಬಾರ್ದು ಅಕ್ಕಾ ಎಂದು ಅವ ಮೂಗು ಹಿಡಿದುಕೊಂಡು ಪೂರಾ ಕುಡಿದ, ದೇವರ ಮೇಲೆ ಅಷ್ಟು ಭಕ್ತಿ ಅವನಿಗೆ. ಸುಮಾರು ಹೊತ್ತಾದ ಮೇಲೆ ಕರು ಕಟ್ಟಿ ಬಂದ ಅಜ್ಜಿ ಬರಿದಾದ ಲೋಟ ನೋಡಿದಳು, ಕಳ್ಳರ ಕೆಲಸ ಎಂದು ಗೊತ್ತಿದ್ದೂ ಕಣ್ಣು ದೊಡ್ಡದು ಮಾಡಿ, ಅಬ್ಬಾ, ಇವತ್ತು ದೇವರು ಪೂರಾ ಕುಡಿದ — ಮಾತು ಮುಗಿದಿರಲಿಲ್ಲ, ಮೇದ ಕೂತಲ್ಲಿಂದಲೇ ಅಡ್ಡ ಬಿದ್ದ.

ಬಿದ್ದ, ಸೆಟೆದ, ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು, ಅಪ್ಪ ಸೈಕಲ್ ಅಂಗಡಿಯಿಂದ ಓಡಿ ಬಂದವರು ಕೈಯಲ್ಲಿದ್ದ ಸ್ಪ್ಯಾನರನ್ನೇ ಅವನ ಮುಷ್ಟಿಯಲ್ಲಿ ಇಟ್ಟು ಒತ್ತಿ ಹಿಡಿದರು, ಕಬ್ಬಿಣ ಹಿಡಿದರೆ ನಿಲ್ಲುತ್ತದಂತೆ, ಪದ್ಮಯ್ಯ ಎಂಬ ಅಷ್ಟು ಗಟ್ಟಿ ಮನುಷ್ಯ ಅಳುವುದನ್ನು ಅವಳು ನೋಡಿದ್ದು ಅದೊಂದೇ ಸಲ. ಬಾಯಿಯಲ್ಲಿ ಕರ್ಪೂರದ ಪರಿಮಳ ಉಂಟು ಎಂದರು ಅಪ್ಪ. ಅಜ್ಜಿ ಬಗ್ಗಿ ಮೂಸಿದಳು, ಮುಖ ಬಿಳಿಚಿತು — ನಾನು ಇವತ್ತು ಕರ್ಪೂರ ಹಾಕ್ಲೇ ಇಲ್ಲ ಪದ್ಮಯ್ಯ. ಹಾಕದ ಕರ್ಪೂರ ಮಗುವಿನ ಬಾಯಿಗೆ ಎಲ್ಲಿಂದ ಬಂತು, ಮನುಷ್ಯರು ಹಾಕದಿದ್ದರೆ ಹಾಕಿದವರು ಯಾರು, ಸಂಜೆಗೆ ಮೇದ ಎದ್ದು ಗಂಜಿ ಕೇಳಿದ, ಆದರೂ ಮಾರನೆಯ ದಿನ ಪ್ರಶ್ನೆ ಇಟ್ಟರು, ಜೋಯಿಸರು ಕವಡೆ ಸರಿಸಿ ಸರಿಸಿ, ದೇವರ ಪಾಲಿಗೆ ಬಾಯಿ ಹಾಕಿದವರು ಈ ಮನೆಯಲ್ಲೇ ಇದ್ದಾರೆ ಅಂದರು, ಯಾರು ಎಂದು ಕೇಳುವ ಮೊದಲೇ ಅಜ್ಜಿ ಎದ್ದು ನಿಂತು ಕೈ ಮುಗಿದು, ನಾನು, ಪ್ರತಿ ಸೋಮವಾರ, ಮಕ್ಕಳನ್ನು ನಗಿಸ್ಲಿಕ್ಕೆ ಅಂತ, ಇಷ್ಟು ವರ್ಷ ಅವನ ಲೋಟ ಎಂಜಲು ಮಾಡಿದವಳು ನಾನೇ. ಕಂಬದ ಹಿಂದೆ ಶೀಲಾವತಿ. ಆಗ ಹೇಳಬಹುದಿತ್ತು. ಗೊತ್ತಿತ್ತಾ? ಗೊತ್ತಿರಲಿಲ್ಲ, ಬಿಲ್ಲೆ ವಿಷವೆಂದು ಹೇಗೆ ಗೊತ್ತಿರುತ್ತದೆ, ಆರತಿ ತಟ್ಟೆ ಮುಟ್ಟಿದ್ದಕ್ಕೆ ಪೆಟ್ಟು ಬೀಳುತ್ತದೆ ಎಂಬ ಹೆದರಿಕೆ ಅಷ್ಟೇ — ಅಷ್ಟೇಯಾ, ಹಾಗಾದರೆ ಈ ಹದಿನಾರು ವರ್ಷ ಆರತಿಯ ಹೊತ್ತಿಗೆ ಸರಿಯಾಗಿ ಅವಳಿಗೆ ಬಾವಿಕಟ್ಟೆಯಲ್ಲಿ ಕೆಲಸ ನೆನಪಾಗುತ್ತಿದ್ದದ್ದು ಯಾಕೆ, ಪುತ್ತೂರಿನ ಬಾಡಿಗೆ ಕೋಣೆಯ ದೇವರಪಟದ ಎದುರು ಊದುಬತ್ತಿ ಮಾತ್ರ ಯಾಕೆ, ಬಾಯಿಯಲ್ಲಿ ಇಟ್ಟುಕೊಂಡ ಬಿಸಿತುಪ್ಪ, ನುಂಗಲೂ ಇಲ್ಲ, ಉಗುಳಲೂ ಇಲ್ಲ, ಕಾಫಿಯನ್ನಾದರೆ ಎಷ್ಟು ಸಲೀಸಾಗಿ ಉಗುಳಿದ್ದೆ ಶೀಲಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ದಿನದಿಂದ ಅಜ್ಜಿ ಕಾಫಿ ಮುಟ್ಟಿಲ್ಲ, ದೇವರ ಕೋಣೆಯ ಹೊಸ್ತಿಲು ದಾಟಿಲ್ಲ, ಹೊರಗೆ ಚಾಪೆ ಹಾಕಿ ಕೂತು ಅಲ್ಲಿಂದಲೇ ಕೈ ಮುಗಿಯುತ್ತಾಳೆ, ಪಂಕ್ತಿಯಿಂದ ಎಬ್ಬಿಸಿದವಳ ಹಾಗೆ. ಮೇದ ಮತ್ತೆ ಒಮ್ಮೆಯೂ ಬಿದ್ದಿಲ್ಲ, ಆದರೂ ನಾಲ್ಕನೇ ಕ್ಲಾಸಿನ ಮೇಲೆ ತೋಡಿನ ಮೇಲಿನ ಸಂಕ ದಾಟಿ ಹೋಗಬೇಕಾದ ಶಾಲೆ ಬೇಡ, ಮರ ಬೇಡ, ಹೊಳೆ ಬೇಡ, ಬೆಂಕಿಯ ಹತ್ತಿರ ಬೇಡ, ಮತ್ತೆ — ಇದಕ್ಕಾದರೂ ಯಾರಾದರೂ ನಗಬೇಕಿತ್ತು — ಸೈಕಲ್ ರಿಪೇರಿಯ ಪದ್ಮಯ್ಯನ ಮಗನಿಗೆ ಸೈಕಲ್ ಬೇಡ. ಅರಂತೋಡಿನ ಎಲ್ಲರ ಸೈಕಲ್ಲಿನ ಪಂಕ್ಚರ್ ತೆಗೆಯುವವ, ಚಕ್ರದ ಓರೆ ತೆಗೆದು ಗಿರಗಿರ ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡುವವ, ಇಪ್ಪತ್ತೊಂದು ವರ್ಷಕ್ಕೆ ಒಮ್ಮೆಯೂ ಸೀಟಿನ ಮೇಲೆ ಕೂತಿಲ್ಲ. ಒಂದೇ ದಿನದ್ದು, ಮತ್ತೆ ಬರ್ಲಿಲ್ಲ, ಅಂದರಲ್ಲ ಬ್ಯಾರಿಗಳು.

ಅರಂತೋಡು, ಅರಂತೋಡು, ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಕೊಡೆ ಹಿಡಿದುಕೊಂಡು ಮೇದ ರಸ್ತೆಯ ಆಚೆ ನಿಂತಿದ್ದಾನೆ, ದಾಟಿ ಬರಲಿಲ್ಲ, ದಾಟಬಾರದೆಂದು ಅಪ್ಪನ ಆಜ್ಞೆ, ಎರಡೂ ಕಡೆ ನೋಡಿ ಅವಳೇ ದಾಟಿದಳು. ತೆಳ್ಳಗಿನ ಮೀಸೆ, ಉಗುರಿನ ಸಂದಿಯಲ್ಲಿ ಗ್ರೀಸು. ಅಕ್ಕಾ ತಂದಿದ್ದೀಯಾ, ಅಜ್ಜಿ ಬೆಳಗ್ಗಿಂದ ಮೂರು ಸಲ ಕೇಳಿದ್ರು. ತಂದಿದ್ದೇನೆ. ನನಗೂ ಕೊಡ್ತಾರಾ ಕಾಫಿ? ಅಪ್ಪನಿಗೆ ಹೇಳ್ಬೇಡ, ನನಗೆ ಅದರ ಪರಿಮಳ ಈಗ್ಲೂ ಕೆಲವು ಸಲ ಸುಮ್ಮನೆ ಬರ್ತದೆ, ಟ್ಯೂಬಿಗೆ ಗಾಳಿ ಹಾಕ್ತಾ ಇರುವಾಗ, ನಾನು ಸಣ್ಣದಿರುವಾಗ ಚೆಂದ ಇತ್ತಲ್ಲ ಅಕ್ಕಾ ನಮ್ಮ ಮನೆ. ಚೆಂದ ಇತ್ತು ಮೇದ. ಹೇಳು, ಈಗ ಹೇಳು, ನೀರು ಹರಿಯುವ ಈ ತೋಡಿನ ಬದಿಯಲ್ಲಿ ಯಾರೂ ಇಲ್ಲ, ಮೊದಲು ಅವನಿಗೆ ಹೇಳು — ನಿನ್ನ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡದ್ದು ಸುಬ್ರಾಯ ದೇವರಲ್ಲ, ನಿನ್ನ ಅಕ್ಕ, ಬಾಲವಾಡಿಯಲ್ಲಿ ನಲವತ್ತು ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವವಳು. ಅವನು ಮುಂದೆ ನಡೆದು ಬೇಲಿಯ ಗೇಟು ತೆಗೆದು ಹಿಡಿದ, ಅವಳು ಕಾಲು ತೊಳೆದು ಒಳಗೆ ನಡೆದಳು.

ಪೂವಮ್ಮಜ್ಜಿ ದೇವರ ಕೋಣೆಯ ಹೊಸ್ತಿಲಿನ ಹೊರಗೆ ಕೂತಿದ್ದಾಳೆ, ಒಲೆಯ ಮೇಲೆ ಅವಳೇ ಮಾಡಿದ ಡಿಕಾಕ್ಷನ್ನು, ಮುಂದೆ ಕಾಫಿ ಎರೆದಿಟ್ಟ ಸಣ್ಣ ಹಿತ್ತಾಳೆ ಲೋಟ, ಹುಣಸೆಹುಳಿ ಹಾಕಿ ತಿಕ್ಕಿ ಹೊಸದರ ಹಾಗೆ ಮಾಡಿದ್ದಾಳೆ. ಬಂದೆಯಾ ಮಗಾ, ಕೂತ್ಕೋ, ನನ್ನ ಕಣ್ಣು ಅಷ್ಟಕ್ಕಷ್ಟೆ, ಕರ್ಪೂರ ನೀನೇ ಹಾಕು, ಎಳ್ಳಿನಷ್ಟು ಸಾಕು, ನೀನೇ ಒಳಗೆ ಕೊಂಡೋಗಿ ಇಡು, ನಾನು ಇಲ್ಲಿಂದಲೇ ಹೇಳ್ತೇನೆ, ಮುದುಕಿಯ ತಪ್ಪು, ಮಗುವಿನ ಮೇಲೆ ಹಾಕಿದಿ, ಇನ್ನು ಬಿಟ್ಟುಬಿಡು ಅಂತ, ಅವ ಬಿಡ್ತಾನೆ, ಹಟಮಾರಿ ಹೌದು, ಕೆಟ್ಟವ ಅಲ್ಲ, ಬಿಟ್ರೆ ಪದ್ಮಯ್ಯನೂ ಹುಡುಗನನ್ನು ಬಿಡ್ತಾನೆ ಅಲ್ವಾ. ಕೈ ಮುಗಿಯಲು ಸೆರಗು ಹೊದ್ದುಕೊಂಡಳು. ಆ ಕೈಗಳು ಈಗ ಸೇರುತ್ತವೆ, ತಪ್ಪಾಯ್ತು ಎಂದು ಬಾಯಿ ತೆರೆಯುತ್ತದೆ, ಮಾಡದ ತಪ್ಪಿಗೆ, ಅದಕ್ಕಿಂತ ಮೊದಲು ಹೇಳಬೇಕು, ಬಾಯಿ ಹೇಳದಿದ್ದರೆ ಕೈಯಾದರೂ ಹೇಳಬೇಕು, ಎಡಗೈಯಲ್ಲಿ ಒಂದು ಪೊಟ್ಟಣ, ಬಲಗೈಯಲ್ಲಿ ಒಂದು, ಪಾಯಸದ್ದು ಹಾಕಿದರೆ ಮುಗಿಯಿತು, ಮನೆ ಇಡೀ ಆ ಪರಿಮಳ, ಅಜ್ಜಿಗೆ ಕ್ಷಮೆ ಸಿಗುತ್ತದೆ, ಮೇದನಿಗೂ ಸೈಕಲ್ ಸಿಕ್ಕೀತು, ಯಾರಿಗೂ ಗೊತ್ತಾಗುವುದಿಲ್ಲ, ಎಷ್ಟು ಸುಲಭ, ಎಷ್ಟು ಚೆಂದ, ಅಜ್ಜಿ ಹಾಗೆಯೇ ತಪ್ಪಿತಸ್ಥೆಯಾಗಿ ಕ್ಷಮಿಸಲ್ಪಟ್ಟು ಸಾಯುತ್ತಾಳೆ — ಬಲಗೈಯ ಪೊಟ್ಟಣ ಬಿಚ್ಚಿ ಆರತಿಯ ಬಿಲ್ಲೆಯನ್ನು ಅವಳು ಲೋಟಕ್ಕೆ ಹಾಕಿದಳು. ಅದು ಮುಳುಗಲಿಲ್ಲ. ಬಾಗಿಲಲ್ಲಿದ್ದ ಮೇದ ಬಗ್ಗಿ ನೋಡಿ ಐದು ವರ್ಷದವನ ಹಾಗೆ ನಕ್ಕ, ದೇವರು ಕುಣಿಯುದು ಅಕ್ಕಾ! ಆಮೇಲೆ ನಗು ಅಲ್ಲಿಗೇ ನಿಂತಿತು, ಅವತ್ತೂ ಹೀಗೆಯೇ, ಅಲ್ವಾ, ನೀನು ತಟ್ಟೆಯಿಂದ ತೆಗೆದು — ಅಜ್ಜಿಯ ಮುಗಿದ ಕೈ ಬಿಚ್ಚಿತು, ಒಂದು ಕೈ ಲೋಟದ ಕಡೆಗೆ ಬಂತು, ಕುಡಿಬೇಡ ಅಜ್ಜಿ, ಎಂದಳು ಶೀಲಾವತಿ, ಹದಿನಾರು ವರ್ಷದ ಮಾತಿನಲ್ಲಿ ಹೊರಗೆ ಬಂದದ್ದು ಅಷ್ಟೇ, ಕೈ ಗಾಳಿಯಲ್ಲೇ ನಿಂತಿತು, ಅವತ್ತಾ, ಎಂದು ಕೇಳಿದಳು ಅಜ್ಜಿ, ಬಹಳ ಮೆಲ್ಲಗೆ, ಶೀಲಾ, ಅವತ್ತು ನೀನಾ, ಮೂರು ತಲೆಗಳು ಲೋಟದ ಮೇಲೆ, ಕಪ್ಪು ಕಾಫಿ, ಅದರ ಮೇಲೆ ಆ ಬಿಳಿ ಬಿಲ್ಲೆ, ಬದಿಗೆ ಹೋಗುತ್ತದೆ, ಹಿಂದೆ ಬರುತ್ತದೆ, ಯಾರೂ ಮುಟ್ಟಿಲ್ಲ, ಗಾಳಿ ಇಲ್ಲ, ಸುತ್ತುತ್ತದೆ, ಸುತ್ತುತ್ತಲೇ ಇದೆ