ಎಡಗೈ ಕತ್ತರಿ

ಕ್ಷೌರದಂಗಡಿಯ ಬಾಗಿಲ ಕಂಬ ತಿರುಗುತ್ತಿದೆ, ಕೆಂಪು ಬಿಳಿ ನೀಲಿ, ಮೇಲೇರಿ ಮೇಲೇರಿ ಎಲ್ಲಿಗೂ ಹೋಗದ ಪಟ್ಟೆಗಳು, ಒಳಗೆ ಮೋಟರಿನ ಸಣ್ಣ ಗೊರಗೊರ — ಯಾರು ಹಾಕಿದರು ಸ್ವಿಚ್ಚು, ನಾನೇ, ಬೆರಳು ಇನ್ನೂ ಅದರ ಮೇಲೇ ಇದೆ. ಮದುವೆಯಾಗಿ ಆರು ವರ್ಷ, ಈ ಅಂಗಡಿಯಲ್ಲಿ ನನಗಿದ್ದ ಕೆಲಸ ಇದೊಂದೇ, ಬೆಳಿಗ್ಗೆ ಎಂಟೂವರೆಗೆ ಕಂಬದ ಸ್ವಿಚ್ಚು ಹಾಕಿ ಗ್ರಂಥಾಲಯಕ್ಕೆ ಹೊರಡುವುದು. ಇವತ್ತು ಗ್ರಂಥಾಲಯವಿಲ್ಲ, ಒಂದು ವಾರ ರಜೆ ಕೊಟ್ಟಿದ್ದಾರೆ, ಕೈಗೆ ಅದು ಗೊತ್ತಿಲ್ಲ. ನಿನ್ನೆ ನನ್ನ ಗಂಡ ಕಜುಮನನ್ನು ಸುಟ್ಟು ಬಂದೆವು. ಇವತ್ತು ಮಂಗಳವಾರ. ಅವನು ಹೋದದ್ದು ಗುರುವಾರ ಮಧ್ಯಾಹ್ನ, ಟವೆಲು ಮಡಿಸುತ್ತಾ ಇದ್ದವನು ಹಾಗೇ ಕೆಳಗೆ ಕೂತ, ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು, ಮೂವತ್ತೆಂಟು ವರ್ಷ. ಶನಿವಾರವೇ ಮುಗಿಸಬಹುದಿತ್ತು, ಆದರೆ ಕ್ಷೌರಿಕರ ಸಂಘದ ನಮ್ಮ ಶಾಖೆಯ ಮುಖ್ಯಸ್ಥ ಫುಕುಮ-ಸಾನ್ ಬಂದು, ಸೋಮವಾರ ಮಾಡಿ ಚಿಸಾತೊ-ಸಾನ್, ಸೋಮವಾರ ನಮಗೆಲ್ಲ ರಜೆ, ಎಲ್ಲರೂ ಬರ್ತೀವಿ, ಎಂದರು. ನಾನು ತಲೆಯಾಡಿಸಿದೆ. ನಾಲ್ಕು ದಿನ ಅವನು ಮಂಜುಗಡ್ಡೆಯ ಪಕ್ಕ ಮಲಗಿ ಅವರ ರಜೆಗಾಗಿ ಕಾದ. ಉಳಿದ ಹದಿನೆಂಟು ಅಂಗಡಿಯವರೂ ಬಂದರು. ಬಂದವರಲ್ಲಿ ನಾನು ನೋಡಿದ್ದು ಒಬ್ಬಳನ್ನೇ — ಆರಿಸಬೇಕು, ಸ್ವಿಚ್ಚು ಆರಿಸಬೇಕು, ಕಂಬ ತಿರುಗಿದರೆ ಅಂಗಡಿ ತೆರೆದಿದೆ ಎಂದೇ ಅರ್ಥ, ಅಷ್ಟರಲ್ಲಿ ಬಾಗಿಲ ಗಂಟೆ, ಮಿಶಿಮಾ ತಾತ, ಮೀನು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಹರಾಜು ಕೂಗಿದವರು, ನಿನ್ನೆ ಊದುಬತ್ತಿ ಹಚ್ಚುವಾಗ ಬಿಕ್ಕಿದವರು, ಈಗ ಟೋಪಿ ತೆಗೆದು ಗೂಟಕ್ಕೆ ಹಾಕಿ ನೇರ ಹೋಗಿ ಕುರ್ಚಿಯಲ್ಲಿ ಕೂತಿದ್ದಾರೆ.

ಕಂಬ ತಿರುಗ್ತಿತ್ತಲ್ಲಮ್ಮಾ, ಬಂದೆ, ನಾನು ಮಂಗಳವಾರದವನು. ಇಲ್ಲ ತಾತ, ತಪ್ಪಾಯಿತು, ನನಗೆ ಕತ್ತರಿಸಲು ಬರುವುದಿಲ್ಲ, ಬಂದರೂ ಪರವಾನಗಿ ಇಲ್ಲ, ಎನ್ನಬೇಕು. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಹೇಳುತ್ತಾರೆ, ಗೊತ್ತು, ಎಲ್ಲ ಗೊತ್ತು, ಆದ್ರೆ ಆ ಸ್ಟೇಷನ್ ಹತ್ರ ಹತ್ತು ನಿಮಿಷದ ಅಂಗಡಿಗೆ ಹೋಗು ಅಂದ್ರೆ ನಾ ಹೋಗಲ್ಲ, ಅಲ್ಲಿ ತಲೆ ತೊಳೆಯಲ್ಲ, ಮೇಲಿಂದ ಕೊಳವೆ ಇಳಿಸಿ ಕೂದಲು ಹೀರ್ತಾರೆ, ನಾನೇನು ಚಾಪೆನಾ. ಕಜುಮ ಇದಕ್ಕೆ ನಗುತ್ತಿದ್ದ, ತಿಂಗಳಿಗೊಮ್ಮೆ ಇದೇ ಮಾತು, ತಿಂಗಳಿಗೊಮ್ಮೆ ಅದೇ ನಗು. ನಾನು ನೀರು ಕಾಯಿಸಲು ಒಳಗೆ ಹೋಗುತ್ತೇನೆ, ಯಾಕೆ ಎಂದು ಗೊತ್ತಿಲ್ಲ, ಮತ್ತೆ ಗಂಟೆ, ಫುಕುಮ-ಸಾನ್ ಅವರ ಕೆಮ್ಮು, ಹಿಂದೆ ಹೆಂಗಸಿನ ಹೆಜ್ಜೆ. ಅವಳೇ. ನೋತ್ಸು ಮಿಸಾವೊ. ಸೇತುವೆಯಾಚೆಯ ಅಂಗಡಿ, ನಲವತ್ತನಾಲ್ಕು ವರ್ಷ, ಗಿಡ್ಡ, ಗಂಡ ಬಿಟ್ಟುಹೋಗಿ ಬಹಳ ಕಾಲ, ಕೈಯಲ್ಲಿ ಸಲಕರಣೆಯ ಚೀಲ. ಫುಕುಮ-ಸಾನ್ ಜೇಬಿನಿಂದ ಕಾಗದ ತೆಗೆದು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿದರು, ಕುಂಚದ ಪೆನ್ನಿನಲ್ಲಿ ಬರೆದ ಸರದಿ, ಸೂತಕ ಮುಗಿಯುವ ನಲವತ್ತೊಂಬತ್ತನೇ ದಿನದವರೆಗೆ ದಿನಕ್ಕೊಬ್ಬರು ತಮ್ಮ ಅಂಗಡಿಗೆ ಬೀಗ ಹಾಕಿ ಇಲ್ಲಿ ಬಂದು ನಿಲ್ಲುತ್ತಾರೆ, ಆರೋಗ್ಯ ಕಚೇರಿಯ ಅರ್ಜಿ ಅವರೇ ಬರೆದಿದ್ದಾರೆ, ನಾನು ಮುದ್ರೆ ಒತ್ತಿದರೆ ಸಾಕು. ಎರಡು ತಿಂಗಳು ಕಂಬ ನಿಂತ್ರೆ ಗಿರಾಕಿ ಬೇರೆ ಕಡೆ ಕೂತ್ಬಿಡ್ತಾರಮ್ಮಾ, ಆಮೇಲೆ ಮಾರ್ತೀನಿ ಅಂದ್ರೂ, ಬಾಡಿಗೆಗೆ ಕೊಡ್ತೀನಿ ಅಂದ್ರೂ, ಖಾಲಿ ಕುರ್ಚಿ ಯಾರಿಗೆ ಬೇಕು. ನಾನು ಸೇರಿದಾಗ ಶಾಖೇಲಿ ಐವತ್ತೆರಡು ಅಂಗಡಿ. ಇದೂ ಹೋದ್ರೆ ಹದಿನೆಂಟು. ಎಪ್ಪತ್ತನಾಲ್ಕರ ನಾನೇ ಇನ್ನೂ ಎಳೆಯರ ಲೆಕ್ಕ. ಸರದಿಯಲ್ಲಿ ಮೊದಲ ಹೆಸರು ಅವಳದು, ನಾಳೆಯದೂ ಅವಳದು. ನಾನು ಮೆಲ್ಲನೆ ಹೇಳಿದೆ, ಯಾರಾದರೂ ಆಗಬಹುದು, ನೋತ್ಸು-ಸಾನ್ ಬೇಡ. ಅವರು ಕಾಗದ ಮಡಿಸಲಿಲ್ಲ. ಇವತ್ತು ನಾಳೆ ಬೇರೆ ಯಾರಿಗೂ ಆಗಲ್ಲ, ಅವರೇ ಮುಂದೆ ಬಂದ್ರು, ಎಂದರು. ಯಾಕೆ ಬೇಡ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನನ್ನ ಕಿವಿ ಬಿಸಿಯಾಯಿತು, ಹಾಗಾದರೆ ಇವರಿಗೂ ಗೊತ್ತು, ಏನೋ ಗೊತ್ತು.

ಅವಳು ಆಗಲೇ ಕೈ ತೊಳೆದು ಮಿಶಿಮಾ ತಾತನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ್ದಾಳೆ. ಎಡಗೈಯಲ್ಲಿ ಕತ್ತರಿ. ಅವನು ಕುರ್ಚಿಯ ಬಲಕ್ಕೆ ನಿಲ್ಲುತ್ತಿದ್ದ, ಇವಳು ಎಡಕ್ಕೆ, ಅವನು ನಿಂತು ನಿಂತು ನೆಲಹಾಸು ಸವೆದ ಜಾಗ ಖಾಲಿಯಾಗಿ ಕಾಣುತ್ತಿದೆ, ಅಷ್ಟಾದರೂ ಆಯಿತಲ್ಲ ಎಂದು ನನಗೊಂದು ಕೆಟ್ಟ ಸಮಾಧಾನ. ಕ್ಷೌರಿಕ ತನ್ನ ತಲೆಯನ್ನು ತಾನು ಕತ್ತರಿಸಿಕೊಳ್ಳಲಾರ, ರಜೆಯ ದಿನ ಇಬ್ಬಿಬ್ಬರು ಜೋಡಿಯಾಗಿ ಒಬ್ಬರದನ್ನೊಬ್ಬರು ಕತ್ತರಿಸಿಕೊಳ್ಳುತ್ತಾರೆ, ಮಾವನವರು ಇರುವವರೆಗೆ ಕಜುಮನಿಗೆ ಅವರು ಜೋಡಿ, ಅವರು ಹೋದ ಮೇಲೆ ಇವಳು. ತಿಂಗಳಿಗೆ ಎರಡು ಸೋಮವಾರ ಸೇತುವೆಯಾಚೆ. ಮೊದಮೊದಲು ಒಂದು ಗಂಟೆ, ಕಳೆದ ಶರತ್ಕಾಲದಿಂದ ಪ್ರತಿ ಸೋಮವಾರ, ಮೂರು ಗಂಟೆ, ಒಂದು ತಲೆಗೆ ಮೂರು ಗಂಟೆ ಯಾಕೆ ಬೇಕು, ನಾನು ಕೇಳಲಿಲ್ಲ, ಅವನ ಅಂಗಿ ಒಗೆಯುವಾಗ ಮೂಸಿದೆ. ಬೇರೆಯವರ ಗಂಡಂದಿರು ಬೇರೆ ವಾಸನೆ ಹೊತ್ತು ಬಂದು ಸಿಕ್ಕಿಬೀಳುತ್ತಾರೆ, ಇವನು ಹೋಗುವಾಗಲೂ ಅದೇ ತಲೆಎಣ್ಣೆ, ಬರುವಾಗಲೂ ಅದೇ, ಊರಿನ ಹತ್ತೊಂಬತ್ತು ಅಂಗಡಿಗೂ ಒಂದೇ ಸಂಘದ ಸರಬರಾಜು. ಒಮ್ಮೆ ನಾನೇ ಕತ್ತರಿಸುತ್ತೇನೆ ಎಂದೆ. ರಸಾಯನಶಾಸ್ತ್ರದ ಪದವಿ ನನ್ನದು, ಕೂದಲು ಯಾವುದರಿಂದ ಆಗಿದೆ ಎಂದು ನನಗೆ ಗೊತ್ತು, ಎಂದೆ. ಅವನು ಸ್ನಾನದ ಕೋಣೆಯಲ್ಲಿ ಮಣೆಯ ಮೇಲೆ ಸಾಧುವಾಗಿ ಕೂತ, ನಾನು ಎಡಕಿವಿಯ ಮೇಲೆ ಮೆಟ್ಟಿಲು ಕಡಿದೆ, ನಕ್ಕ, ಚೆನ್ನಾಗಿದೆ ಬಿಡೇ, ಗಿರಾಕಿ ಕೇಳಿದ್ರೆ ಹೊಸಾ ಫ್ಯಾಷನ್ನು ಅಂತೀನಿ, ಎಂದ, ಆದರೆ ಮರುದಿನ ಟೋಪಿ ಹಾಕಿ ಸೇತುವೆ ದಾಟಿ ಹೋಗಿ ಸರಿಮಾಡಿಸಿಕೊಂಡು ಬಂದ. ನನ್ನ ಕೈಯ ಗುರುತು ಒಂದು ರಾತ್ರಿ ಉಳಿಯಿತು ಅವನ ಮೈಮೇಲೆ. ಭಾನುವಾರ ಸಂಜೆ ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಕೊನೆಯ ಕ್ಷೌರ ಸಂಘದವರದ್ದೇ ಎಂದರು, ಅದಕ್ಕೂ ಇವಳು. ಎರಡು ಬೆರಳಲ್ಲಿ ಗಲ್ಲ ಎತ್ತಿ, ಚರ್ಮ ಎಳೆದು, ಎಡಗೈಯಲ್ಲಿ ಕತ್ತಿ, ಒಂದು ಸಲವೂ ತಡವರಿಸದೆ. ಆ ಗಲ್ಲ ಎಲ್ಲಿ ತಿರುಗುತ್ತದೆ, ಕೆಳದುಟಿಯ ಕೆಳಗಿನ ಹಳ್ಳದಲ್ಲಿ ಕತ್ತಿ ಹೇಗೆ ಹೊರಳಬೇಕು, ಎಲ್ಲ ಗೊತ್ತಿತ್ತು ಆ ಕೈಗೆ. ನಾನು ಟವೆಲು ಹಿಡಿದಿದ್ದೆ. ಈಗ ತಾತನ ಕಿವಿಯ ಹಿಂದೆ ಬಗ್ಗಿದ್ದಾಳೆ, ನನಗೆ ಬೆನ್ನು, ಅವಳ ಕುತ್ತಿಗೆ ಕಾಣುತ್ತಿದೆ — ಸೊಟ್ಟ. ಹಿಂಗತ್ತಿನ ಕೂದಲಂಚು ಎಡಕ್ಕೆ ಏರಿ ಬಲಕ್ಕೆ ಇಳಿದಿದೆ, ಅಕ್ಕಿಕಾಳಿನಷ್ಟು ವ್ಯತ್ಯಾಸ, ನನ್ನ ಕಣ್ಣಿಗೇ ಬೀಳುವಷ್ಟು. ಕ್ಷೌರಿಕಳ ಕುತ್ತಿಗೆ ಹೀಗೆ. ನಗು ಬರಬೇಕಿತ್ತು.

ಕತ್ತಿಗೆ ಒಣ ಟವೆಲು ಬೇಕಿತ್ತು, ಎಲ್ಲಿದೆ, ಎಂದು ಅವಳು ತಿರುಗದೆ ಕೇಳಿದಳು. ಕೇಳಿದ್ದು ಹಿತವಾಯಿತು, ಈ ಅಂಗಡಿಯಲ್ಲಿ ಅವಳಿಗೆ ಗೊತ್ತಿಲ್ಲದ್ದೂ ಇದೆ. ಕನ್ನಡಿಯ ಕೆಳಗಿನ ಮೂರನೇ ಡ್ರಾಯರು, ಟವೆಲುಗಳ ಅಡಿಯಲ್ಲಿ ಏನೋ ಗಟ್ಟಿ, ಜಿಂಕೆ ಚರ್ಮದಲ್ಲಿ ಸುತ್ತಿದ್ದು, ಅವನ ಕತ್ತರಿಗಳೆಲ್ಲ ಮೇಲಿನ ಸ್ಟ್ಯಾಂಡಿನಲ್ಲಿವೆ, ಇದು ಯಾವುದು — ಟವೆಲು ಕೊಟ್ಟು, ಅದನ್ನು ತೋಳಿನಡಿ ಒತ್ತಿಕೊಂಡು ಅಡುಗೆಮನೆಗೆ ಬಂದೆ. ಕತ್ತರಿ. ಅಲಗಿನ ಬುಡದಲ್ಲಿ ಕೊರೆದ ಒಂದೇ ಚಿತ್ರಾಕ್ಷರ, ಓದಿದರೆ ಮಿಸಾವೊ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಆರಿಸಿದೆ. ಆರು ವರ್ಷದಲ್ಲಿ ಅವನು ನನ್ನ ಮೇಲೆ ನಿಜಕ್ಕೂ ಸಿಟ್ಟಾದದ್ದು ಒಂದೇ ಸಲ, ಅವನ ಕತ್ತರಿಯಲ್ಲಿ ಪಾರ್ಸೆಲ್ಲಿನ ದಾರ ಕತ್ತರಿಸಿದಾಗ. ಕತ್ತರಿ ಅಂದ್ರೆ ಕೈ ಚಿಸಾತೊ, ನನ್ನ ಕೈ ತಗೊಂಡು ದಾರ ಕತ್ತರಿಸ್ತೀಯಾ, ಕತ್ತರಿ ಯಾರೂ ಯಾರಿಗೂ ಕೊಡಲ್ಲ, ನಮ್ಮಪ್ಪ ನನಗೇ ಕೊಡ್ತಿರಲಿಲ್ಲ. ಯಾರೂ ಯಾರಿಗೂ ಕೊಡದ್ದನ್ನು ಇವಳು ಕೊಟ್ಟಿದ್ದಾಳೆ, ಇವನು ಟವೆಲಿನ ಕೆಳಗೆ ಇಟ್ಟುಕೊಂಡಿದ್ದಾನೆ. ಪತ್ರ ಸಿಕ್ಕಿದ್ದರೆ ಹರಿಯಬಹುದಿತ್ತು. ಬೆರಳು ತೂರಿಸಿ ನನ್ನದೇ ಮುಂಗೂದಲನ್ನು ಹಿಡಿದು ಒತ್ತಿದೆ, ಕತ್ತರಿಸಲಿಲ್ಲ, ಮಡಚಿಕೊಂಡು ಅಲಗಿನ ನಡುವೆ ಸಿಕ್ಕಿತು, ಮತ್ತೆ ಒತ್ತಿದೆ, ಮತ್ತೆ ಮಡಚಿತು. ಎಡಗೈಗೆ ಬದಲಾಯಿಸಿದೆ, ಕಚ್ ಎಂದಿತು. ಎಡಗೈಯವರ ಕತ್ತರಿ. ಕಜುಮ ಅನ್ನ ತಿನ್ನುವುದು, ಬರೆಯುವುದು, ಹಲ್ಲುಜ್ಜುವುದು ಎಲ್ಲ ಬಲಗೈ. ಬರಿದೇ ಇಟ್ಟುಕೊಳ್ಳಲು, ನೋಡಲು. ಹಾಗಾದರೆ ಅದು ಇನ್ನೂ ಹೆಚ್ಚಿನದು. ಸಿಂಕಿನ ಮೇಲೆ ಬಿದ್ದಿದ್ದ ನನ್ನ ನಾಲ್ಕು ಕೂದಲನ್ನು ನಾನು ಬಹಳ ಹೊತ್ತು ನೋಡಿದೆ.

ಮಿಶಿಮಾ ತಾತ ಹೋದರು, ಕನ್ನಡಿಯಲ್ಲಿ ಎರಡೂ ಕಡೆ ತಿರುಗಿ ನೋಡಿಕೊಂಡು, ಊನೋ ಅಂಗಡಿ ತಲೆಯೇ ಬಿಡು, ಎಂದು ನಮ್ಮ ಅಂಗಡಿಯ ಹೆಸರು ಹಿಡಿದೇ ಅವಳಿಗೆ ಹೇಳಿ, ಅದೂ ನನಗೆ ಚುಚ್ಚಿತು. ಫುಕುಮ-ಸಾನ್ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಹೋದರು, ಮುದ್ರೆಯ ಜಾಗ ಖಾಲಿ. ಅವಳು ನೆಲ ಗುಡಿಸುತ್ತಿದ್ದಾಳೆ, ಪೊರಕೆಯೂ ಎಡಗೈಯಲ್ಲಿ. ನಾನು ಚರ್ಮದ ಸುರುಳಿ ಬಿಚ್ಚಿ ಹಿಡಿದೆ. ಅವಳ ಪೊರಕೆ ನಿಂತಿತು. ಕೆಂಪಾಗಲಿಲ್ಲ, ಕಣ್ಣು ತಪ್ಪಿಸಲಿಲ್ಲ, ಹಾಗೆ ಮಾಡಿದ್ದರೆ ಸುಲಭವಿತ್ತು. ನಿಮಗೆ ಹೇಳೇ ಇರಲಿಲ್ವಾ ಅವನು, ಎಂದಳು. ಏನನ್ನು. ಬಲಗೈ. ಹೆಬ್ಬೆರಳು ಮತ್ತೆ ಪಕ್ಕದ ಎರಡು ಬೆರಳು ಜೋಮು ಹಿಡೀತಿತ್ತು, ಶರತ್ಕಾಲದಿಂದ. ನಮ್ಮಲ್ಲಿ ಅರ್ಧ ಜನಕ್ಕೆ ಇದೆ, ಮಣಿಕಟ್ಟಿನ ಕಾಯಿಲೆ, ಆದ್ರೆ ಅವನಿಗೆ ಬೇಗ ಬಂತು. ಡಾಕ್ಟ್ರು ಆಪರೇಷನ್ ಅಂದ್ರು, ಮೂರು ತಿಂಗಳು ಅಂಗಡಿ ಮುಚ್ಚಬೇಕು ಅಂದ್ರು. ಮುಚ್ಚೋದು ಬೇಡ, ಅದಕ್ಕೆ ಮೊದಲೇ ಎಡಗೈ ಕಲೀತೀನಿ ಅಂತ ಕೂತ. ಆ ಕೈಗೆ ಆ ಕತ್ತರಿ ಬೇಕಲ್ಲ. ನಾನು ಕೇಳುತ್ತಿದ್ದೇನೆ, ಚಳಿಗಾಲದ ಬೆಳಿಗ್ಗೆಗಳು ಒಂದೊಂದಾಗಿ ತಿರುಗಿ ನಿಲ್ಲುತ್ತಿವೆ, ಅವನ ಕೈಯಿಂದ ಜಾರಿದ ನನ್ನ ನೀಲಿ ಬಟ್ಟಲು, ಗಮನ ಎಲ್ಲಿದೆ ನಿಮಗೆ ಎಂದು ನಾನು ರೇಗಿದ್ದು, ಉಪ್ಪಿನಕಾಯಿ ಡಬ್ಬಿ ಮುಂದೆ ತಳ್ಳಿ ತೆಗೆದುಕೊಡೇ ಎಂದದ್ದು, ನಿದ್ದೆಯಲ್ಲಿ ಕೈ ಕೊಡವುತ್ತಿದ್ದದ್ದು. ನನಗೇಕೆ ಹೇಳಲಿಲ್ಲ, ಇದು ನನ್ನ ದನಿಯೇ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ನೀವು ಮುಚ್ಚಿಬಿಡಿ ಅಂತೀರಿ ಅಂತ. ಹೌದು, ಅನ್ನುತ್ತಿದ್ದೆ. ಹೊಸ ವರ್ಷಕ್ಕೇ ಅಂದಿದ್ದೆ, ಮುಚ್ಚಿ ಹಿರೋಶಿಮಾಗೆ ಹೋಗೋಣ, ಅಣ್ಣನ ಕಂಪನಿಯಲ್ಲಿ ಕೆಲಸವಿದೆ, ಈ ಊರಿನ ತಲೆಗಳೆಲ್ಲ ಮುದಿಯಾಗುತ್ತಿವೆ. ಅವನು ಹೂಂ ಅಂದಿದ್ದ. ಆ ಹೂಂ ಹೊತ್ತುಕೊಂಡು ಸೋಮವಾರ ಸೇತುವೆ ದಾಟಿದ್ದ. ಮೈ ಹಂಚಿಕೊಂಡಿದ್ದರೆ ನನಗೆ ಶಬ್ದವಿತ್ತು, ಊರಿಗೂ ಶಬ್ದವಿದೆ. ನೋವನ್ನು ಅವಳ ಬಳಿ ಇಟ್ಟು ನನ್ನ ಬಳಿ ನಗುವನ್ನು ಇಟ್ಟಿದ್ದಕ್ಕೆ ಏನೆನ್ನುತ್ತಾರೆ.

ಯಾರ ತಲೆಯ ಮೇಲೆ ಕಲಿತ, ಎಂದೆ. ಬೊಂಬೆ ತಲೆ ಮೇಲೆ ನಾಲ್ಕು ತಿಂಗಳು, ಎಂದಳು, ಆಮೇಲೆ, ಬೊಂಬೆ ಹಿಂಗತ್ತು ಬೆಚ್ಚಗಿರಲ್ಲ, ಉಸಿರಾಡಲ್ಲ, ಕೈಗೆ ಗೊತ್ತಾಗಲ್ಲ ಅಂದ. ಅವಳ ಎಡಗೈ ತಾನಾಗಿ ಕುತ್ತಿಗೆಯ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು. ಕಳೆದ ವಾರದ ಸೋಮವಾರ. ಅವನು ಎಡಗೈಲಿ ಮುಟ್ಟಿದ ಮೊದಲ್ನೇ ತಲೆ. ಸೊಟ್ಟ ಆಯ್ತು ಅಂತ ತಾನೇ ಬೈಕೊಂಡ. ಫುಕುಮ-ಸಾನ್ ಮೂರು ಸಲ ಹೇಳಿದ್ರು, ಸಾವಿನ ಮನೆಗೆ ಹೀಗೆ ಹೋಗಬೇಡ, ಕೂತ್ಕೋ, ಎರಡು ನಿಮಿಷ, ಸರಿಮಾಡ್ತೀನಿ ಅಂತ. ಕೂರಲಿಲ್ಲ ನಾನು. ಅಷ್ಟೇ ಹೇಳಿದಳು. ನನ್ನ ಸೊಟ್ಟವನ್ನು ಅವನು ಒಂದು ರಾತ್ರಿಯಲ್ಲಿ ಅಳಿಸಿಕೊಂಡ, ಅವನ ಸೊಟ್ಟವನ್ನು ಇವಳು ಎಂಟು ದಿನದಿಂದ ಹೊತ್ತು ತಿರುಗುತ್ತಿದ್ದಾಳೆ, ಶವಪೆಟ್ಟಿಗೆಯ ಮುಂದೆ, ಊರೆಲ್ಲದರ ಮುಂದೆ, ತಲೆ ಬಗ್ಗಿಸಿ. ನನ್ನ ಬಳಿ ಅವನು ಮಾಡಿದ್ದು ಏನಿದೆ, ಬೂದಿಯ ಮಡಕೆ ಇದೆ, ಅದು ಬೆಂಕಿ ಮಾಡಿದ್ದು. ಸರದಿಯ ಕಾಗದಕ್ಕೆ ಮುದ್ರೆ ಒತ್ತಿದೆ, ನಾಳೆಯೂ ನೀವೇ ಬನ್ನಿ, ಎಂದೆ, ಉಪಕಾರ ನೆನೆದಲ್ಲ, ಆ ಸೊಟ್ಟ ಅಂಚು ಬೆಳೆದು ಅಳಿಯುವ ಮುನ್ನ ಎಷ್ಟು ದಿನ ಸಿಗುತ್ತದೋ ಅಷ್ಟು ದಿನ ನನ್ನ ಕಣ್ಣೆದುರು ಇರಲಿ ಎಂದು. ಕತ್ತರಿಯನ್ನು ಚರ್ಮದಿಂದ ಒರೆಸಿ, ಅಲಗು ನನ್ನ ಕಡೆ ಇರಿಸಿಕೊಂಡು, ಹಿಡಿಕೆಯನ್ನು ಅವಳತ್ತ ಚಾಚಿದೆ. ಕಜುಮ ನಿಮ್ಮಿಂದ ಕಡ ತಂದದ್ದು, ಎಂದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು, ಹಣೆಯ ಹತ್ತಿರ ತಂದಳು, ಬಗ್ಗಿದಳು, ಆಳವಾಗಿ, ಬಹಳ ಹೊತ್ತು, ಮತ್ತೆ ಅದು ನನ್ನೆದುರು, ಬೆಳಕಿನಲ್ಲಿ, ಎಡಕ್ಕೆ ಏರಿ ಬಲಕ್ಕೆ ಇಳಿದ ಅಂಚು, ಅದರ ಕೆಳಗೆ ಆಗಲೇ ಕಪ್ಪಗೆ ಮೂಡುತ್ತಿರುವ ಸಣ್ಣ ಕೂದಲು